ನೊರೆಯ ಜಾಡು

ಮಾರ್ಚ್ 3, ಬೆಳಿಗ್ಗೆ 8
ಮತ್ತೆ ನೊರೆ! ಮಳೆ ಬಿದ್ದು ತಿಂಗಳಾಯಿತು. ಆದರೂ ಮಳೆನೀರಿನ ಚರಂಡಿಯ ಬಾಯಿಂದ ಹಳ್ಳಕ್ಕೆ ಬಿಳಿ ನೊರೆಯ ದಿಬ್ಬಣ. ಎಲೈ ನೊರೆಯೇ, ನೀನು ಯಾರ ಮನೆಯ ಪಾಪ? — ಕೂಗಿಯೇ ಕೇಳಿದೆ. ಬಾತುಕೋಳಿ ಹೆದರಿ ಹಾರಿತು. ಚರಂಡಿ ಇನ್‌ಸ್ಪೆಕ್ಟರನಿಗೆ ಉತ್ತರ ಕೊಡುವವರಾರು!
ಹಳ್ಳದ ನೀರಿನ ಮೂರು ಸ್ಯಾಂಪಲ್ ಈಗಾಗಲೇ ಫೇಲ್. ಸಾಹೇಬರ ಫೋನು: "ಹದಿನಾಲ್ಕಕ್ಕೆ ಕೊನೇದು. ಅದೂ ಹೋದ್ರೆ ಹಳ್ಳಕ್ಕೆ ಸ್ಲ್ಯಾಬ್ ಹಾಕಿ ಮುಚ್ಚಿಬಿಡೋಣ ಕಣ್ರೀ. ವಾಸನೆನೂ ಇಲ್ಲ, ನಿಮ್ಮ ಕೂಗಾಟನೂ ಇಲ್ಲ."

ಮಾರ್ಚ್ 4
ಮನೆಮನೆಗೂ ಹೋಗಿ ಬಚ್ಚಲಿಗೆ, ವಾಷಿಂಗ್ ಮೆಷಿನ್ ಪೈಪಿಗೆ ಹಸಿರು ಬಣ್ಣ ಸುರಿಯುವುದು. ಹಳ್ಳಕ್ಕೆ ಓಡುವುದು. ಹಸಿರು ಬಂದರೆ ಕಳ್ಳ ಸಿಕ್ಕ. ಬರಲಿಲ್ಲ.
ಮೂಲೆಮನೆ ಅಜ್ಜಿಗೆ ವಿವರಿಸಿದೆ: "ಬಚ್ಚಲ ನೀರು ಬೇರೆ ಪೈಪಲ್ಲಿ ಹೋಗಿ ಶುದ್ಧ ಆಗುತ್ತೆ ತಾಯೀ! ಮಳೆ ಚರಂಡೀದು ಹಾಗೇ ಹಳ್ಳಕ್ಕೆ!"
"ಮೆಲ್ಲಗೆ ಹೇಳಪ್ಪ. ನಂಗೆ ಕಿವಿ ಕೇಳುತ್ತೆ."

ಮಾರ್ಚ್ 9
ಹದಿನಾರು ಮನೆ ಮುಗಿಯಿತು. ಹದಿನಾರು ಜನರ ಬೈಗುಳ. ಕಾಲು ಬಿದ್ದುಹೋಗಿದೆ.
ನನ್ನಾಕೆ: "ಹದಿನೇಳನೇದು?"
"ಯಾವುದು?"
"ನೀವು ಊಟ ಮಾಡೋ ಮನೆ."

ಮಾರ್ಚ್ 10
ನಮ್ಮನೆ ಮೆಷಿನ್ ಪೈಪಿಗೆ ಬಣ್ಣ ಸುರಿದು ನಾಲ್ಕೇ ನಿಮಿಷ. ಹಳ್ಳವೆಲ್ಲ ಗಿಳಿಹಸಿರು! ಭೂಮಿಯೇ, ಬಾಯಿ ಬಿಡು!... ಬಿಡಲಿಲ್ಲ.
ಭಾವಮೈದುನನನ್ನು ಕರೆಸಿ ಗುಡುಗಿದೆ. ಹೆಸರಿಗೆ ಪ್ಲಂಬರ್! ಅವನು ತಣ್ಣಗೆ: "ಭಾವ, ಹೊಸ ಟೈಲ್ಸು, ಅಂಗಳ ಅಗೀಬೇಡ ಅಂದೋರು ನೀವೇ. ಮೆಷಿನ್ ಪೈಪು ಮಳೆ ಪೈಪಿಗೆ ಸೇರ್ಸು ಅಂದೋರೂ ನೀವೇ. ಆಗ ಇನ್ನೂ ಜೋರಾಗಿ ಕೂಗಿದ್ರಿ."

ಮಾರ್ಚ್ 13
ಮೂರು ದಿನ ಹಾರೆ, ಗುದ್ದಲಿ. ಟೈಲ್ಸು ಚೂರು. ಪೈಪು ಸರಿಯಾದ ದಾರಿಗೆ. ಚರಂಡಿಯೊಳಗಿನ ಸೋಪಿನ ಕೆಸರು ಬಕೆಟ್ಟಿನಲ್ಲಿ ಬಾಚಿದೆ — ನೀರು ಬಿಟ್ಟು ತೊಳೆದರೆ ಅದೂ ಹಳ್ಳಕ್ಕೇ ತಾನೆ! ವರದಿಯಲ್ಲಿ ನಮ್ಮ ಮನೆ ನಂಬರೇ ಬರೆದೆ.
ಸಾಹೇಬರು: "ಹೇಳದೇ ಇದ್ದಿದ್ರೆ ಯಾರಿಗ್ರೀ ಗೊತ್ತಾಗ್ತಿತ್ತು?"
"ಬೀದಿಯೆಲ್ಲ ನಿಂತು ನೋಡ್ತು ಸಾರ್."

ಮಾರ್ಚ್ 14, ಬೆಳಿಗ್ಗೆ 7.10
ಹಳ್ಳದ ದಂಡೆ. ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ. ಲ್ಯಾಬಿನ ಮೇಡಂ ಬಾಟಲಿ ತುಂಬಿಸಿಕೊಂಡರು. ಮೊದಲು ಕುಲುಕಿ ನೋಡ್ತಾರಂತೆ. ನೊರೆ ಒಡೆಯದೆ ಉಳಿದರೆ ಅಲ್ಲಿಗೇ ಫೇಲ್, ಮುಂದಿನ ಪರೀಕ್ಷೆಯೇ ಬೇಡ.
ಬೀದಿಯವರೆಲ್ಲ ಬಂದಿದ್ದಾರೆ. ಯಾರೂ ಮಾತಾಡುತ್ತಿಲ್ಲ. ನಾನೂ.
ಕುಲುಕಿದರು. ಮೂರು ಗುಳ್ಳೆ. ಒಂದು ಒಡೆಯಿತು. ಇನ್ನೊಂದೂ. ಮೂರನೆಯದು —