ಕೆಂಪು ಕಾಣದ ಕಾವಲು

ಹಾಸನ
೯-೮-೧೯೯೯

ಪ್ರೀತಿಯ ಶರ್ವಾಣಿ,

ಹೈದರಾಬಾದಿನಲ್ಲಿ ನೀನೂ ಮಕ್ಕಳೂ ಸೌಖ್ಯವೆಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಸುಮ್ಮನಿದ್ದೆ, ಬೇಜಾರು ಮಾಡಿಕೊಳ್ಳಬೇಡ. ಕಾಲೇಜಿನಲ್ಲಿ ಅಡ್ಮಿಷನ್ ಗಲಾಟೆ ಎನ್ನಬಹುದಿತ್ತು. ನಿಜವೆಂದರೆ ಬರೆಯಲು ಮನಸ್ಸಾಗಲಿಲ್ಲ.

ಎಂ.ಎಸ್ಸಿ.ಯಲ್ಲಿ ನಾವಿಬ್ಬರೂ ಬುತ್ತಿ ಕಟ್ಟಿಕೊಂಡು ಹೋಗಿ ಹುಲ್ಲಿನ ಜಾತಿ ಗುರುತಿಸುತ್ತಿದ್ದೆವಲ್ಲ, ದಂಡಿಗನಹಳ್ಳಿಯ ಆಚೆಯ ಆ ಕಾವಲು ಈಗಿಲ್ಲ ಕಣೇ. ಜೂನ್‌ನಲ್ಲಿ ಇಡೀ ಬಯಲಿಗೆ ಗುಂಡಿ ತೋಡಿ ಅಕೇಶಿಯಾ ನೆಟ್ಟರು. ಉಪಗ್ರಹದ ಚಿತ್ರ ನೋಡಿ ನೀನು ಮಾಡಿಕೊಟ್ಟ ಜೀವವೈವಿಧ್ಯದ ನಕ್ಷೆಯಲ್ಲಿ ಅದು ಬಂಜರು ಎಂದಿತ್ತು. ಅರಣ್ಯ ಇಲಾಖೆಯವರಿಗೆ ಅಷ್ಟೇ ಸಾಕಾಯಿತು.

ನಿಮ್ಮ ಚಿತ್ರದಲ್ಲಿ ಹಸಿರೆಲೆ ಕೆಂಪಾಗಿ ಕಾಣುತ್ತದೆ, ಒಣಹುಲ್ಲು ಬರಿನೆಲದ ಹಾಗೆ ಬೂದು. ಅದು ಮಾರ್ಚ್ ತಿಂಗಳ ಚಿತ್ರ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ ಎಂದು ನೀನು ಹೇಳಿದೆ, ನಾನು ಒಪ್ಪಿದೆ. ನವೆಂಬರಿನದಾದರೂ ತರಿಸಿ, ಇಲ್ಲವೇ ಒಮ್ಮೆ ಬಂದು ನಡೆದು ನೋಡಿ ಎಂದು ಚನ್ನರಾಯಪಟ್ಟಣದ ಸಭೆಯಲ್ಲಿ ಎದ್ದುನಿಂತು ಕೇಳಿಕೊಂಡೆ. ಗಡುವು ಮುಗಿಯಿತು ಎಂದರು ನಿಮ್ಮ ನಕ್ಷೆ ಯೋಜನೆಯ ಮುಖ್ಯಸ್ಥರು. ನೆಲದ ಮೇಲೆ ಮೊಟ್ಟೆಯಿಡುವ ಕೌಜುಗ, ನೆಲಗುಬ್ಬಿಗಳ ಮಾತೆತ್ತಿದರೆ ಯಾರೂ ಬರೆದುಕೊಳ್ಳಲಿಲ್ಲ. ಇನ್ನು ಅಕೇಶಿಯಾ ಬೆಳೆದು ಆ ಜಾಗ ಕೆಂಪಾಗುತ್ತದೆ. ವೈವಿಧ್ಯ ಹೆಚ್ಚಿತೆಂದು ನೀವೇ ವರದಿ ಬರೆಯುತ್ತೀರಿ.

ಹೋದ ಭಾನುವಾರ ಬಸ್ಸು ಹತ್ತಿ ಹೋಗಿದ್ದೆ. ಮುಳ್ಳುತಂತಿಯ ಈಚೆ ದಂಡಿಗನಹಳ್ಳಿಯ ಸುಬ್ಬಮ್ಮ ಕುರಿ ನಿಲ್ಲಿಸಿಕೊಂಡು ಕೂತಿದ್ದಳು. ಮೊದಲಿನ ಹಾಗೆ ಒಳಗೆ ಮೇಯಿಸಲು ಬಿಡುತ್ತಿಲ್ಲವಂತೆ, ಅರ್ಧ ಹಿಂಡನ್ನು ಮಾರಿದ್ದಾಳೆ. ಯಾಕೆ ಹೀಗಾಯಿತೆಂದು ಕೇಳಿದಳು, ನಕ್ಷೆಯ ವಿಷಯ ಹೇಳಿದೆ.

“ಅಷ್ಟು ಮ್ಯಾಲಿಂದ ಪಟ ತೆಗೆದೋರ್ಗೆ ನನ್ ಕುರಿನೂ ಕಾಣ್ಲಿಲ್ವೇನವ್ವಾ?” ಎಂದಳು.

ಅವಳಿಗೆ ನಿನ್ನ ಹೆಸರು ಹೇಳಲಿಲ್ಲ.

ನಿನ್ನ ದೊಡ್ಡವಳು ಈ ವರ್ಷ ಹತ್ತನೇ ತರಗತಿಯಲ್ಲವೇ? ಚೆನ್ನಾಗಿ ಓದಿಕೊಳ್ಳಲಿ. ಚಿಕ್ಕವನಿಗೂ ನನ್ನ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ಇಂತಿ,
ಪ್ರಿಯಂವದಾ

ತಾ.ಕ.: ನಾನು ಕಾಗದ ನಿಲ್ಲಿಸಿದ್ದು ಕಾವಲಿಗಾಗಿ ಅಲ್ಲ. ಸಭೆಯಲ್ಲಿ ನಾನು ಕೂತ ಮೇಲೆ ಮುಖ್ಯಸ್ಥರು, “ಮೇಡಂಗೆ ಮನೇಲಿ ಮಕ್ಕಳಿಲ್ಲ, ಅದಕ್ಕೇ ಹಕ್ಕಿ ಮೊಟ್ಟೆ ಮೇಲೆ ಇಷ್ಟು ಮಮತೆ” ಎಂದರಲ್ಲ, ಎಲ್ಲರೂ ನಕ್ಕರು. ಹೊಳೆನರಸೀಪುರದ ಆಸ್ಪತ್ರೆಯಲ್ಲಿ ನನ್ನ ಕೂಸು ಉಸಿರಿಲ್ಲದೆ ಹುಟ್ಟಿದಾಗ ಬಿಳಿ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡವಳು ನೀನು. ನನಗೆ ಮುಖ ತೋರಿಸಿದವಳೂ ನೀನೇ. ಸಭೆಯ ದಿನ ಮುಖ್ಯಸ್ಥರ ಪಕ್ಕದ ಕುರ್ಚಿಯಲ್ಲಿ ನೀನಿದ್ದೆ ಶರ್ವಾಣಿ. ನೀನೂ ನಕ್ಕೆ.