ಬಲೆ ಇಲ್ಲದ ದೋಣಿ

ಪೀಣ್ಯ
9 ಜೂನ್ 2025

ಚಿರಂಜೀವಿ ಸುಕೃತಿಗೆ,

ಕಳೆದ ಫೆಬ್ರವರಿ 11ರಂದು ನಮ್ಮ ಹಿಂದಿನ ಕೋಣೆಯ ಬಾಡಿಗೆಯ ಮುತ್ತಣ್ಣ ಕೆಲಸಕ್ಕಿದ್ದ ಹಡಗಿಗೆ ನಡುಗಡಲಿನಲ್ಲಿ ದೋಣಿಯೊಂದು ಗುದ್ದಿದ್ದು ಆಕಸ್ಮಿಕವಲ್ಲ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆ, ಬೇಸರಿಸಬೇಡ. ಮೂರು ವಾರದಿಂದ ಈ ಕಾಗದ ಬರೆದು ಹರಿಯುತ್ತಿದ್ದೆ, ಅದಕ್ಕೇ ತಡ. ನಾನು ಚೆನ್ನಾಗಿದ್ದೇನೆ. ಬ್ರೂಕ್‌ಫೀಲ್ಡಿನಲ್ಲಿ ನಿಮಗೆ ನೀರು ಬರುತ್ತಿದೆಯೇ?

ಮುತ್ತಣ್ಣ ಹಡಗು ಹತ್ತುವ ಮೊದಲು ಇಲ್ಲಿನ ಶೆಡ್ಡುಗಳಲ್ಲಿ ಹದಿನಾಲ್ಕು ವರ್ಷ ವೆಲ್ಡಿಂಗ್ ಮಾಡಿದವನು. ಬೆಸುಗೆ ನೋಡಿಯೇ ಅದು ಯಾವ ಕೆಲಸಕ್ಕೆಂದು ಹೇಳಬಲ್ಲ. "ಅಮ್ಮಾರ, ಮೀನ ಹಿಡಿಯಾವ್ರಾದ್ರ ಬಲಿ ಇರಬೇಕಲ್ರಿ? ಒಂದೂ ಇದ್ದಿಲ್ಲ. ಮುಂದಿನ ಮೂತಿಗಿ ಎರಡು ಪದರ ಉಕ್ಕು ಬೆಸದಿದ್ರು. ಮೀನ ನೋಡಿದ್ರ ನಗತಾವ್ರಿ" ಎನ್ನುತ್ತಾನೆ.

ಆ ಕಡಲನ್ನು ಎರಡು ದೇಶಗಳು ತಮ್ಮದೆನ್ನುತ್ತವೆ. ನೌಕಾಪಡೆ ಗುದ್ದಿದರೆ ದಾಳಿ, ಜಗತ್ತು ಕೇಳುತ್ತದೆ. ಮೀನುದೋಣಿ ಗುದ್ದಿದರೆ ಅಪಘಾತ, ಅದಕ್ಕೇ ಆ ವೇಷ. 2016ರಲ್ಲಿ ಇಂಥದೇ ವ್ಯಾಜ್ಯಕ್ಕೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ತೀರ್ಪು ಬಂದಾಗ ಸೋತವರು ಅದನ್ನು ರದ್ದಿ ಕಾಗದ ಎಂದರು. ಆ ಪತ್ರಿಕೆಯ ತುಣುಕು ಇನ್ನೂ ನನ್ನ ಬಳಿ ಇದೆ. ನಮ್ಮ ಕೆರೆ ಹೋದದ್ದೂ ಹೀಗೆಯೇ. ಮೊದಲು ಒಂದು ಲೋಡು ಮಣ್ಣು, ಆಮೇಲೆ ಶೆಡ್ಡು, ಆಮೇಲೆ ಬೋರ್ಡು. ದೂರು ಕೊಡಲು ಹೋದರೆ, "ಒಂದ್ ಲೋಡ್ ಮಣ್ಣಿಗೆಲ್ಲ ಕೇಸಾ ಮೇಡಂ?" ಎಂದು ನಕ್ಕರು.

ಕಳೆದ ತಿಂಗಳು ಮುತ್ತಣ್ಣ ಆ ಡಿಕ್ಕಿಯ ವಿಚಾರಣೆಯ ಕಾಗದ ಓದಿಸಿಕೊಳ್ಳಲು ತಂದ. ಅದರಲ್ಲಿ ಉಪಗ್ರಹ ಚಿತ್ರ ನೋಡಿ ನಿಮ್ಮ ಕಂಪನಿ ಕೊಟ್ಟ ವರದಿ ಇತ್ತು: ಮೀನುದೋಣಿ, ಆಕಸ್ಮಿಕ, ವೆಲ್ಡರನ ಹೇಳಿಕೆ ನಂಬಲರ್ಹವಲ್ಲ. ಓದಿ ಹೇಳಿದೆ. "ಸುಳ್ಳುಗಾರ ಅಂತ ಬರದ ಮ್ಯಾಲೆ ಯಾವ ಹಡಗಿನ್ಯಾಗ ಹತ್ತಿಸಿಗೊಂತಾರ್ರಿ?" ಎಂದಷ್ಟೇ ಕೇಳಿದ. ವಿಚಾರಣೆ ಇದೇ 28ಕ್ಕೆ ಮುಗಿಯುತ್ತದೆ.

ಅಂದೇ ನಿನಗೆ ಫೋನ್ ಮಾಡಿದೆ. "ಅದು ಬೇರೆ ಟೀಮ್ ಕಣಮ್ಮ, ನಂಗೊತ್ತಿಲ್ಲ. ನಮ್ ಟೂಲಲ್ಲಿ ಫಿಶಿಂಗ್, ಕಾರ್ಗೋ, ಅದರ್ಸ್ ಅಷ್ಟೇ ಇರೋದು" ಎಂದೆ ನೀನು. ಗುದ್ದುವ ದೋಣಿಗೆ ಜಾಗವೇ ಇಲ್ಲದಂತೆ ಆ ಪಟ್ಟಿಯನ್ನು ಮಾಡಿಸಿದವರು ಯಾರೋ ಎಂದು ನನಗೆ ಅನುಮಾನ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ಆಶೀರ್ವಾದಗಳೊಂದಿಗೆ,
ಅಮ್ಮ
ಸೀತಾಲಕ್ಷ್ಮಿ

ತಾ.ಕ.: ವರದಿಯ ಕೊನೆಯ ಪುಟವನ್ನು ಮುತ್ತಣ್ಣನಿಗೆ ಓದಿ ಹೇಳಲಿಲ್ಲ. ಅಲ್ಲಿ ನಿನ್ನ ಸಹಿ ಇದೆ, ತಾರೀಖು ಏಪ್ರಿಲ್ 4. ಅದಕ್ಕೆ ಐದು ದಿನ ಮೊದಲು, ಯುಗಾದಿಯಂದು, ಅವನು ನಮ್ಮ ಮನೆಯಲ್ಲೇ ಊಟಕ್ಕೆ ಕೂತು ಬಲೆಯ ವಿಷಯ ಹೇಳಿದ್ದ. ಡಿಕ್ಕಿಯಲ್ಲಿ ಪೆಟ್ಟಾದ ಅವನ ಬಲಗೈಗೆ ಪಟ್ಟಿ ಕಟ್ಟಿತ್ತೆಂದು ಒಬ್ಬಟ್ಟು ಮುರಿದು ಬಡಿಸಿದವಳು ನೀನು. ನನಗೆ ಫೋನಿನಲ್ಲಿ ಉತ್ತರ ಬೇಡ. 28ರೊಳಗೆ ನಿನ್ನ ಹೆಸರು ಹಾಕಿ, ವಿಚಾರಣೆಯವರೂ ಊರವರೂ ಓದುವಂತೆ ಬರೆ: ಆ ದೋಣಿಯಲ್ಲಿ ಬಲೆ ಇತ್ತೇ, ಇರಲಿಲ್ಲವೇ?