ಭಾವನ ಜೇಬಿನಲ್ಲಿರುವ ಒಲೆ

ನ್ಗಾರಾ, ನೈರೋಬಿ
ಗುರುವಾರ, ೧೯ ಜೂನ್ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ, ನೀನು ಮಾತ್ರ ಅಮ್ಮನ ಕಣ್ಣು ತಪ್ಪಿಸಿ ಉಪ್ಪಿನಕಾಯಿ ನೆಕ್ಕುತ್ತಿರುತ್ತೀಯೆ, ನನಗೆ ಗೊತ್ತು. ಹೊಟ್ಟೆಯಲ್ಲಿರುವವರಿಗಾದರೂ ಹೆದರು. ನಿನ್ನ ಮಗಳು ಸಾನ್ವಿ ಚೆನ್ನಾಗಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಾಳೆ, ಆದರೂ ನಮ್ಮಿಬ್ಬರಿಗೂ ಎಲ್ಲ ಅರ್ಥವಾಗುತ್ತದೆ. ಇಲ್ಲಿ ಈಗ ಚಳಿಗಾಲ. ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ.

ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳಿದೆನಲ್ಲ, ಹಾಗೇನೂ ಇಲ್ಲ. ಭಾವ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಾರೆ, ನಾನು ಇನ್ನೇನು ಹೇಳಲಿ? ಅವರ ಫ್ಯಾಕ್ಟರಿಯ ರಮೇಶ್ ಅವರು ಇವತ್ತು ರಾತ್ರಿ ಊರಿಗೆ ಹೊರಟಿದ್ದಾರೆ. ಕಾಗದ ಕೊಟ್ಟರೆ ಮೈಸೂರಿನಲ್ಲಿ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆದ ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನೀನು ಹೆರಿಗೆಗೆ ಊರಿಗೆ ಹೋದ ಮಾರನೆಯ ವಾರವೇ ಭಾವ ಮನೆಯ ಗ್ಯಾಸು, ಕರೆಂಟು ಎರಡನ್ನೂ ಬದಲಾಯಿಸಿದರು. ಗ್ಯಾಸ್ ಅಂಗಡಿಯ ಡೇವಿಡ್ ಮೂರು ಮಹಡಿ ಹೊತ್ತು ತಂದು, ಸೋಪಿನ ನೊರೆ ಹಚ್ಚಿ ಸೋರುತ್ತದೆಯೇ ಎಂದು ನೋಡಿ, ನಿನ್ನ ಕೈಯ ಚಹಾ ಕುಡಿದು ಹೋಗುತ್ತಿದ್ದನಲ್ಲ, ಅವನ ಸಿಲಿಂಡರ್ ದುಬಾರಿಯಂತೆ. ಈಗ ಬೇರೆ ಕಂಪನಿಯ ಸಿಲಿಂಡರ್ ಬಂದಿದೆ. ಅದರ ತಲೆಯ ಮೇಲೆ ಒಂದು ಮೀಟರ್. ಫೋನಿನಿಂದ ದುಡ್ಡು ಹಾಕಿದಷ್ಟೇ ಗ್ಯಾಸ್ ಬರುತ್ತದೆ, ದುಡ್ಡು ಮುಗಿದರೆ ನಿಂತುಹೋಗುತ್ತದೆ. ಒಳಗೆ ಗ್ಯಾಸ್ ಇರುತ್ತದೆ ಅಕ್ಕಾ, ಅಲುಗಾಡಿಸಿದರೆ ಗುಳುಗುಳು ಅನ್ನುವುದು ಕೇಳುತ್ತದೆ, ಆದರೂ ಒಲೆ ಹತ್ತುವುದಿಲ್ಲ. ಕರೆಂಟೂ ಹಾಗೆಯೇ. ಮೊದಲು ಬಾಡಿಗೆಯ ಜೊತೆ ಕೊಟ್ಟುಬಿಡುತ್ತಿದ್ದಿರಿ, ಈಗ ನಮ್ಮದೇ ಟೋಕನ್ ಪೆಟ್ಟಿಗೆ. ಎರಡಕ್ಕೂ ಕೊಟ್ಟಿರುವುದು ಭಾವನ ನಂಬರು. ನಮ್ಮ ಒಲೆ, ನಮ್ಮ ದೀಪ, ಬಚ್ಚಲಿನ ಬಿಸಿನೀರು ಎಲ್ಲವನ್ನೂ ಅವರು ಬೆಳಿಗ್ಗೆ ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು ಫ್ಯಾಕ್ಟರಿಗೆ ಹೋಗುತ್ತಾರೆ. ಒಟ್ಟಿಗೆ ದುಡ್ಡು ಹಾಕುವುದೂ ಇಲ್ಲ. ನಮ್ಮ ದುಡ್ಡು ಕಂಪನಿಯವರ ಹತ್ತಿರ ಯಾಕೆ ಕೊಳೆಯಬೇಕು ಎನ್ನುತ್ತಾರೆ. ತೊಟ್ಟು ತೊಟ್ಟಾಗಿ ಹಾಕುತ್ತಾರೆ. ಇದರಿಂದ ಉಳಿಯುತ್ತದಂತೆ. ಉಳಿದದ್ದು ಎಲ್ಲಿದೆಯೋ ನಾನಂತೂ ಕಂಡಿಲ್ಲ. ನಿನ್ನ ಹಳೆಯ ಸಿಲಿಂಡರನ್ನು ಬಾಲ್ಕನಿಗೆ ತಳ್ಳಿ ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದಾರೆ.

ನಾನು ಕೇಳಬಹುದಿತ್ತು ಎನ್ನುತ್ತೀಯೆ. ಹೇಗೆ ಕೇಳಲಿ? ನಿನ್ನ ಗಂಡ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ನೀನಿದ್ದಾಗ ಅದು ತಿಳಿಯುತ್ತಿರಲಿಲ್ಲ. ಈಗ ಎಲ್ಲವೂ ಸಾನ್ವಿಯ ಮೂಲಕ. 'ಸಾನ್ವಿ, ಚಿಕ್ಕಿಗೆ ಕಾಫಿ ಮಾಡೋಕೆ ಹೇಳು.' ನಾನು ಎದುರಿಗೇ ನಿಂತಿರುತ್ತೇನೆ. ನಾನೂ ಸಾನ್ವಿಗೇ ಹೇಳುತ್ತೇನೆ. ಗಂಜಿ ಅರ್ಧ ಬೆಂದು ಗ್ಯಾಸ್ ನಿಂತ ದಿನ, ಸ್ಕೂಲಿನಿಂದ ಮಗು ಬರುವವರೆಗೆ ಬಾಳೆಹಣ್ಣು ತಿಂದು ಕಾದಿದ್ದೇನೆ.

ಇನ್ನು ಭಾನುವಾರದ ವಿಷಯ ಕೇಳು. ನಿನ್ನ ಅತ್ತೆಯ ಶ್ರಾದ್ಧ ಸಾಂಗವಾಗಿ ನಡೆಯಿತು ಎಂದು ಭಾವ ನಿನಗೆ ಹೇಳಿದ್ದಾರೆ. ನೀನಿಲ್ಲದ್ದರಿಂದ ಅಡುಗೆ ನನ್ನ ಪಾಲಿಗೆ ಬಂತು, ಪರದೇಶದಲ್ಲಿ ಹಾಗೂ ನಡೆಯುತ್ತದೆ ಎಂದರು ಭಟ್ಟರು. ಹಿಂದಿನ ಸಂಜೆಯೇ ಮೀಟರ್ ನೋಡಿ ಸಾನ್ವಿಗೆ ಹೇಳಿದೆ. ಅವಳು ಹೋಗಿ 'ಅಪ್ಪಾ, ಚಿಕ್ಕಿ ಸೇಸ್ ಗ್ಯಾಸ್ ಈಸ್ ಫಿನಿಶಿಂಗ್' ಎಂದಳು. 'ಇನ್ನೂ ಇದೆ ಬಿಡು, ನಾಳೆ ನೋಡೋಣ' ಎಂದರು. ನಾಳೆ ಬಂತು. ನಾನು ತಣ್ಣೀರು ಸುರಿದುಕೊಂಡು ಮಡಿಯುಟ್ಟು ಒಲೆ ಹಚ್ಚಿದೆ. ಅನ್ನ, ಹುಳಿ ಆಯಿತು. ಒಂದು ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು, ಇನ್ನೊಂದರ ಮೇಲೆ ವಡೆಗೆ ಎಣ್ಣೆ ಕಾಯುತ್ತಿತ್ತು. ಎರಡೂ ಒಟ್ಟಿಗೆ ಆರಿಹೋದವು.

ನಿನ್ನ ಗಂಡನೂ ಮಡಿಯಲ್ಲಿದ್ದರು. ಫೋನ್ ಮಲಗುವ ಕೋಣೆಯಲ್ಲಿತ್ತು. ಸಾನ್ವಿ ದೂರ ನಿಂತು ಹೇಳಿದರೆ ಕೈಸನ್ನೆಯಲ್ಲೇ ಸುಮ್ಮನಿರು ಎಂದರು. ಮಡಿಯಲ್ಲಿರುವವರು ಫೋನ್ ಮುಟ್ಟುವ ಹಾಗಿಲ್ಲ. ಮಗಳ ಕೈಯಲ್ಲಿ ದುಡ್ಡು ಹಾಕಿಸೋಣ ಎಂದರೆ ಭಟ್ಟರು, ರಮೇಶ್ ಅವರು ಕೂತಿದ್ದಾರೆ, ಎಲ್ಲರ ಮುಂದೆ ಪಿನ್ ಹೇಳುವ ಹಾಗೂ ಇಲ್ಲ! ಪಕ್ಕದ ಮನೆಯ ವಿಮಲಾ ಆಂಟಿ ಬಂದು, 'ನಮ್ಮ ಮನೇಲಿ ಒಲೆ ಖಾಲಿ ಇದೆ ಚಂಪಾ, ಅಲ್ಲೇ ಮಾಡ್ಕೋ ಬಾರೆ' ಎಂದರು. ಆ ಒಲೆಯ ಮೇಲೆ ಮೊಟ್ಟೆ ಬೇಯುತ್ತದೆ, ಆಗುವುದಿಲ್ಲ ಎಂದರು ಭಾವ. ಅವರ ಅಮ್ಮನಿಗೆ ಇಡಬೇಕಾದ ಪಾಯಸ ಕೆನೆಗಟ್ಟುತ್ತಿತ್ತು. ಭಟ್ಟರು ಇನ್ನೊಂದು ಮನೆಗೆ ಹೋಗಬೇಕಿತ್ತು, ಗಡಿಯಾರ ನೋಡುತ್ತಿದ್ದರು. ಕೊನೆಗೆ ಭಾವನೇ ಎದ್ದು ಹೋಗಿ ಫೋನ್ ಮುಟ್ಟಿ ದುಡ್ಡು ಹಾಕಿ, ಮತ್ತೆ ಸ್ನಾನಕ್ಕೆ ಹೋದರು. ಬಿಸಿನೀರಿಲ್ಲ, ಅದನ್ನು ಉಳಿತಾಯಕ್ಕೆ ಅವರೇ ಬಂದ್ ಮಾಡಿಸಿದ್ದು. ಬಚ್ಚಲಿನಿಂದ ಸೀನು ಕೇಳಿಸಿತು. ಪಾಪ ಅನ್ನಿಸಲಿಲ್ಲ ಅಕ್ಕಾ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಊಟಕ್ಕೆ ಎಲೆ ಹಾಕಿ ವಡೆ ಬಡಿಸುತ್ತಿದ್ದೆ. ಆಗ ಎಲ್ಲರ ಮುಂದೆ ಹೇಳಿದರು: 'ಸಾನ್ವಿ, ನಿನ್ನ ಚಿಕ್ಕಿಗೆ ಹೇಳು, ಒಲೆ ಹಚ್ಚೋಕೆ ಮುಂಚೆ ಮೀಟರ್ ನೋಡ್ಬೇಕು ಅಂತ. ನಾಲ್ಕಕ್ಷರ ಓದಿದ್ರೆ ಇದನ್ನೆಲ್ಲ ಹೇಳ್ಕೊಡೋದೇ ಬೇಕಾಗಿರ್ಲಿಲ್ಲ.' ಭಟ್ಟರು ನಕ್ಕರು. ರಮೇಶ್ ಅವರು ಎಲೆಯಿಂದ ಮುಖ ಎತ್ತಲಿಲ್ಲ. ಸಾನ್ವಿ ಮಾತ್ರ, 'ಬಟ್ ಅಪ್ಪಾ, ಶಿ ಟೋಲ್ಡ್ ಯು ಯೆಸ್ಟರ್‌ಡೇ' ಎಂದಳು. 'ಊಟ ಮಾಡುವಾಗ ಮಾತಾಡಬಾರದು' ಎಂದು ಅವಳ ಬಾಯಿ ಮುಚ್ಚಿಸಿದರು. ಕೈಯಲ್ಲಿದ್ದ ವಡೆಯನ್ನು ಅವರ ಎಲೆಗೆ ಹಾಕಿದೆ. ಹಾಕದೆ ಇರಬೇಕಿತ್ತು.

ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ನಿಜ. ಅಂಕಿ ಓದಲು ಅಷ್ಟು ಸಾಕು. ನಾನು ಇಲ್ಲಿಗೆ ಬಂದಿದ್ದು ನೀನು ಕರೆದೆ ಎಂದು, ನಿನ್ನ ಮಗಳನ್ನು ನೋಡಿಕೊಳ್ಳಲು. ಮನೆಯವಳು ಎಂದು ಬಂದೆ. ಮನೆಯವಳಿಗೆ ಒಲೆ ಹಚ್ಚುವಷ್ಟಾದರೂ ಸ್ವಾತಂತ್ರ್ಯ ಬೇಡವೇ? ಆ ದಿನ ಪಾತ್ರೆ ತೊಳೆಯುತ್ತ ವಾಪಸು ಬಂದುಬಿಡೋಣ ಅನ್ನಿಸಿತು. ಸಾನ್ವಿ ಪಕ್ಕದಲ್ಲಿ ನಿಂತು ಲೋಟ ಒರೆಸಿಕೊಡುತ್ತಿದ್ದಳು. ಅವಳನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ಅಮ್ಮನಿಗೆ, ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಈ ಕಾಗದ ಅವರಿಗೆ ತೋರಿಸಬೇಡ, ಅಮ್ಮ ಅಳುತ್ತಾಳೆ. ಸಾನ್ವಿಗೆ ತಮ್ಮನೋ ತಂಗಿಯೋ ಯಾರಾದರೂ ಸರಿ, ನಿನಗೆ ಹೆಚ್ಚು ನೋವು ಕೊಡದೆ ಬರಲಿ. ಉಪ್ಪಿನಕಾಯಿ ಮುಟ್ಟಬೇಡ.

ನಿನ್ನ ತಂಗಿ,
ಚಂಪಾ

ಮತ್ತೆ ಬರೆದದ್ದು: ರಮೇಶ್ ಅವರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಈ ಕಾಗದ ಬರೆದಿಟ್ಟ ಮೇಲೆ ನಾನೇ ಗ್ಯಾಸ್ ಬದಲಾಯಿಸಿದೆ. ಅಂಗಡಿಗೆ ಹೋಗಿ ಡೇವಿಡ್‌ನನ್ನು ಕರೆದೆ. ಅವನ ಭಾಷೆ ನನಗೆ ಬರುವುದಿಲ್ಲವಲ್ಲ, ಬಾಲ್ಕನಿಯ ಕಡೆ ಕೈ ತೋರಿಸಿದೆ. ಅವನು ನಿನ್ನ ಸಿಲಿಂಡರ್ ತುಂಬಿಸಿ ತಂದು, ಸೋಪು ಹಚ್ಚಿ ನೋಡಿ, 'ಮಾಮಾ ಸಾನ್ವಿ', ಅಂದರೆ ಸಾನ್ವಿಯ ಅಮ್ಮ, ಹೇಗಿದ್ದಾರೆ ಎಂದು ನಿನ್ನನ್ನು ವಿಚಾರಿಸಿದ. 'ಸವಾ', ಚೆನ್ನಾಗಿದ್ದಾಳೆ ಎಂದೆ. ವಿಮಲಾ ಆಂಟಿಗೆ ಕೋಡುಬಳೆ ಮಾಡಿಕೊಟ್ಟು ಬಂದ ದುಡ್ಡನ್ನು ಅವನಿಗೆ ಕೊಟ್ಟೆ. ತುಳಸಿ ಈಗ ಭಾವನ ಮೀಟರ್ ಸಿಲಿಂಡರಿನ ಮೇಲಿದೆ. ಮಧ್ಯಾಹ್ನದ ಅಡುಗೆ ಮುಗಿಸಿ ನಿನ್ನ ರೆಗ್ಯುಲೇಟರ್ ಬಿಚ್ಚಿ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದ್ದೇನೆ, ಅದಿಲ್ಲದೆ ಒಲೆ ಹತ್ತುವುದಿಲ್ಲ. ಗುರುವಾರ ಸಾನ್ವಿಗೆ ಈಜು ಕ್ಲಾಸು, ಭಾವ ಮೊದಲು ಬರುತ್ತಾರೆ, ಮನೆಯಲ್ಲಿ ನಾವಿಬ್ಬರೇ. ಅವರಿಗೆ ಬಂದ ಕೂಡಲೇ ಕಾಫಿ ಬೇಕು. ಬೀಗ ಮಾತ್ರ ನಾನಾಗಿ ತೆಗೆಯುವುದಿಲ್ಲ ಅಕ್ಕಾ. ನಿನ್ನ ತಂಗಿ ಕೊಬ್ಬಿದ್ದಾಳೆ ಎಂದು ಅವರು ನಿನಗೆ ಫೋನ್ ಮಾಡಿದರೆ ನನ್ನ ಪರ ಏನೂ ವಾದಿಸಬೇಡ. 'ಕಾಫಿ ಬೇಕು ಅಂತ ಚಂಪಾಳನ್ನ ಕೇಳಿದ್ರಾ?' ಎಂದಷ್ಟೇ ಕೇಳು.